ಮೂಲೆಯಲ್ಲೊಂದು ಹುಕ್ಕು

"ಇದು ನನ್ನ ಹುಕ್ಕು," ಎಂದಳು ಹೆಂಡತಿ.

ಮಗಳ ಫೋನು ಅವಳ ಕೈಯಲ್ಲಿತ್ತು. ತಿಂಡಿ ತಿನ್ನುತ್ತಲೇ ಮಗಳು ಅದನ್ನು ತಾಯಿಯ ಕಡೆ ಚಾಚಿ, "ನೋಡಮ್ಮ, ನಿನ್ನೆ ಇನ್ನೊಂದು ಹಾಕಿದಾನೆ" ಎಂದಿದ್ದಳು. ಪರದೆಯ ಮೇಲೆ ಒಂದು ಕೈ. ಚರ್ಮವಿಲ್ಲದ, ರಕ್ತವಿಲ್ಲದ, ಬರೀ ಎಲುಬಿನ ಬಲಗೈ. ತೋರುಬೆರಳು ಎರಡು ಕಡೆ ಮುರಿದಿತ್ತು. ಕೆಳಗೆ ಒಂದೇ ಸಾಲು: ಬಲಗೈ, ವಯಸ್ಸು ಮೂವತ್ತರೊಳಗೆ, ಠಾಣೆಯಿಂದ ಬಂದದ್ದು.

ಅವನು ಲೋಟ ಕೆಳಗಿಡಲಿಲ್ಲ. ಇಟ್ಟರೆ ಸದ್ದಾಗುತ್ತದೆ ಎಂದುಕೊಂಡ.

"ಯಾವ ಹುಕ್ಕಮ್ಮ?" ಎಂದಳು ಮಗಳು.

"ಇಲ್ಲಿ ನೋಡು, ಮೂಲೇಲಿ. ಮೂತಿ ಚಪ್ಪಟೆ, ಬೆನ್ನು ಉಬ್ಬು. ಹಳೇ ಮಾಲು. ಇದು ಬರೋದು ನಿಂತು ಹನ್ನೆರಡು ವರ್ಷ ಆಯ್ತು. ನನ್ನ ಡಬ್ಬೀಲಿ ಇನ್ನೂ ಒಂದು ಹಿಡಿ ಬಿದ್ದಿದೆ."

"ಅಮ್ಮಾ, ಅಲ್ಲಿ ಯಾರದೋ ಕೈ ಮುರಿದಿದೆ. ನಿನಗೆ ಹುಕ್ಕು ಕಾಣ್ಸುತ್ತೆ."

"ನಾನು ಬಟ್ಟೆ ಹೊಲಿಯೋಳು ಕಣೆ. ಡಾಕ್ಟರಲ್ಲ."

ಮಗಳು ನಕ್ಕಳು. ನಗು ಮುಗಿಯುವ ಮೊದಲೇ ಅಪ್ಪನ ಕಡೆ ತಿರುಗಿದಳು. "ಇವನು ನಿಮ್ಮ ಆಸ್ಪತ್ರೆಯವನೇ ಅಂತೆ ಅಪ್ಪ. ಕಾಲೇಜಲ್ಲೆಲ್ಲ ಅದೇ ಮಾತು. ನಲವತ್ತು ಸಾವಿರ ಜನ ನೋಡ್ತಾರೆ. ಹೆಸರಿಲ್ಲ, ಮುಖ ಇಲ್ಲ, ಯಾರಿಗೂ ಉತ್ತರ ಕೊಡಲ್ಲ. ಯಾರಿರಬಹುದು?"

"ಗೊತ್ತಿಲ್ಲ."

"ನಿನಗೆ ಯಾವತ್ತು ಏನು ಗೊತ್ತಿತ್ತು ಹೇಳು. ಹತ್ತೊಂಬತ್ತು ವರ್ಷದಿಂದ ಅದೇ ಕೋಣೇಲಿ ಇದೀಯ."

"ನಾನು ಚಿತ್ರ ತೆಗೆಯೋನು. ಕೈ ಇಡಿ, ಅಲ್ಲಾಡಬೇಡಿ, ಆಯ್ತು ಏಳಿ. ಅಷ್ಟೆ."

"ನಿನ್ನ ಆತ್ಮಕಥೆ ಮುಗೀತು ನೋಡು," ಎಂದು ಮಗಳು ಕೈ ತೊಳೆಯಲು ಎದ್ದು ಹೋದಳು.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ದಾರ ಪೋಣಿಸತೊಡಗಿದಳು. ಸೂಜಿಯಿಂದ ಕಣ್ಣು ತೆಗೆಯದೆ ಕೇಳಿದಳು:

"ಆಸ್ಪತ್ರೆಗೆ ಬೇಕು ಅಂತ ಒಯ್ದಿದ್ರಲ್ಲ. ಒಂದು ಹುಕ್ಕು, ಅದರ ಕುಣಿಕೆ ಒಂದು. ಇವಳು ಹುಟ್ಟಿದ ವರ್ಷ."

"ಅಲ್ಲಿ ಎಲ್ಲರೂ ಏನಾದ್ರೂ ಒಯ್ತಾರೆ."

"ಬಲಗೈಗೆ ಹುಕ್ಕು, ಎಡಗೈಗೆ ಕುಣಿಕೆ ಅಂದಿದ್ರಿ."

"ಅಂದಿರಬಹುದು."

"ಗುಂಡಿ ಅಂಟಿಸಬಾರದಿತ್ತಾ? ಗುಂಡಿ ಎಲ್ಲರ ಮನೇಲೂ ಇರುತ್ತೆ."

"ಪ್ಲಾಸ್ಟಿಕ್ಕು ಎಕ್ಸ್‌ರೇಲಿ ಕಾಣಲ್ಲ."

"ಕಾಣದೇ ಇರೋದೇ ತಾನೆ ನಿಮಗೆ ಬೇಕಾಗಿದ್ದು?"

ದಾರ ಸೂಜಿಯ ಕಣ್ಣು ದಾಟಿತು. ಅವಳು ಕಾಲಲ್ಲಿ ಯಂತ್ರ ಒತ್ತಿದಳು. ಆ ಸದ್ದಿನಲ್ಲಿ ಮತ್ತೆ ಮಾತಿಗೆ ಜಾಗವಿರಲಿಲ್ಲ. ಅವನು ಚಪ್ಪಲಿ ಮೆಟ್ಟಿ ಹೊರಬಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತನ್ನ ಸ್ವಂತ ಫೋನು ತೆಗೆದು ಆ ಪುಟ ನೋಡಬೇಕೆನಿಸಿತು. ನೋಡಲಿಲ್ಲ. ಆ ಫೋನಿನಲ್ಲಿ ಆ ಪುಟವನ್ನು ಒಮ್ಮೆಯೂ ತೆರೆದವನಲ್ಲ. ಅದು ಅವನ ಮೊದಲ ನಿಯಮ.

ನಿಯಮಗಳು ಬಹಳ ಇದ್ದವು. ಎರಡನೆಯ ಫೋನು ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡದ್ದು, ಮಾರಿದವನಿಗೆ ಹೆಸರು ಹೇಳಿಲ್ಲ. ಅದನ್ನು ಮನೆಗೆ ಒಯ್ಯುವುದಿಲ್ಲ. ಎಕ್ಸ್‌ರೇ ಕೋಣೆಯ ಗೋಡೆಗೆ ನೇತುಹಾಕಿದ ಸೀಸದ ಮೇಲಂಗಿಯ ಜೇಬಿನಲ್ಲಿ ಅದು ಮಲಗಿರುತ್ತದೆ. ಕಿರಣ ಹೊರಗೆ ಹೋಗದಂತೆ ಕಟ್ಟಿದ ಕೋಣೆ, ಸಿಗ್ನಲ್ಲೂ ಒಳಗೆ ಬರುವುದಿಲ್ಲ. ಚಿತ್ರ ತೆಗೆದ ಮೇಲೆ ಅದರೊಳಗಿನ ದಿನ, ಗಂಟೆ, ಜಾಗ ಎಲ್ಲ ಅಳಿಸುತ್ತಾನೆ. ಊಟದ ಬಿಡುವಿನಲ್ಲಿ ಪ್ರತಿ ಸಲ ಬೇರೆ ಬೇರೆ ಕಡೆ ಹೋಗಿ, ಯಾರದೋ ಬಿಟ್ಟಿ ವೈಫೈ ಹಿಡಿದು, ಮೂರು ದೇಶ ಸುತ್ತಿ ಹೋಗುವ ದಾರಿಯಲ್ಲಿ ಕಳಿಸುತ್ತಾನೆ. ಇದನ್ನೆಲ್ಲ ಪುಸ್ತಕ ಓದಿ ಕಲಿತದ್ದು. ಓದಿದವನು ಎಂಬ ಹೆಮ್ಮೆ ಅವನಿಗೆ ಉಳಿದಿದ್ದದ್ದು ಇಲ್ಲೊಂದೇ ಕಡೆ.

ಮುರಿದ ಕೈಗಳ ಮೇಲೆ ಅವನಿಗೆ ಕನಿಕರವಿತ್ತೇ ಎಂದು ಕೇಳಿದರೆ ಹೇಳುವುದು ಕಷ್ಟ. ಒಂದು ಮುಖವೂ ಅವನಿಗೆ ನೆನಪಿಲ್ಲ. ನೋಡುವವರ ಸಂಖ್ಯೆ ಏರಿದಂತೆಲ್ಲ ಅವನಿಗೆ ಅನಿಸಿದ್ದು ಇಷ್ಟು: ನಲವತ್ತು ಸಾವಿರ ಜನರ ನಡುವೆ ನಿಂತಿದ್ದೇನೆ, ಯಾರಿಗೂ ಕಾಣುತ್ತಿಲ್ಲ. ಮನೆಯಲ್ಲಿ ಮೂವರ ನಡುವೆಯೂ ಕಾಣದವನಿಗೆ ಇದು ಹೊಸದೇನಲ್ಲ. ಆದರೆ ಇಲ್ಲಿ ಕಾಣದಿರುವುದು ಅವನೇ ಮಾಡಿಕೊಂಡದ್ದು. ಅದರ ರುಚಿ ಬೇರೆ.

ಮತ್ತೆ ಹುಕ್ಕು.

ಯಂತ್ರಕ್ಕೆ ಎಡ ಬಲ ಗೊತ್ತಾಗುವುದಿಲ್ಲ. ಫಿಲ್ಮ್ ತಿರುವಿ ಹಿಡಿದರೆ ಬಲಗೈ ಎಡಗೈಯಾಗುತ್ತದೆ. ಅದಕ್ಕೆಂದೇ ಎಡ, ಬಲ ಗುರುತಿಸುವ ಸೀಸದ ಅಕ್ಷರಗಳಿರುತ್ತವೆ. ಈ ಆಸ್ಪತ್ರೆಯ ಅಕ್ಷರಗಳು ಅವನು ಕೆಲಸಕ್ಕೆ ಸೇರುವ ಮೊದಲೇ ಕಳೆದಿದ್ದವು. ಪ್ರತಿ ವರ್ಷ ಬೇಡಿಕೆ ಹೋಗುತ್ತದೆ, ಪ್ರತಿ ವರ್ಷ 'ಪರಿಶೀಲನೆಯಲ್ಲಿದೆ' ಎಂದು ಬರುತ್ತದೆ. ಹಾಗಾಗಿ ಟೆಕ್ನಿಷಿಯನ್ನರು ತಮಗೆ ತೋಚಿದ ಲೋಹದ ಚೂರನ್ನು ಫಿಲ್ಮು ಇಡುವ ಚಪ್ಪಟೆ ಪೆಟ್ಟಿಗೆಗೆ ಟೇಪು ಹಾಕಿ ಅಂಟಿಸಿಕೊಂಡರು. ನಿವೃತ್ತನಾದ ಹಿರಿಯನದು ತೂತಿನ ನಾಣ್ಯ. ರಾತ್ರಿ ಪಾಳಿಯ ಹೆಂಗಸಿನದು ಮೂರು ಮೂಲೆಗೆ ಬಗ್ಗಿಸಿದ ಪೇಪರ್ ಕ್ಲಿಪ್ಪು. ಇವನದು ಹುಕ್ಕು.

ಎಲ್ಲವನ್ನೂ ಅಳಿಸಿದ್ದ. ರೋಗಿಯ ಹೆಸರಿಗೆ ಕಪ್ಪು ಬಳಿದಿದ್ದ, ಸಂಖ್ಯೆಗೆ ಕಪ್ಪು ಬಳಿದಿದ್ದ. ಹುಕ್ಕನ್ನು ಮಾತ್ರ ನೋಡಿಯೇ ಇರಲಿಲ್ಲ. ಹತ್ತೊಂಬತ್ತು ವರ್ಷ ದಿನಕ್ಕೆ ನಲವತ್ತು ಸಲ ನೋಡಿದ್ದನ್ನು ಯಾರು ತಾನೇ ನೋಡುತ್ತಾರೆ?

ಮೂವತ್ತೊಂದು ಚಿತ್ರ ಹಾಕಿದ್ದ. ಮೂವತ್ತೊಂದು ಸಲ ಸಹಿ ಹಾಕಿದ್ದ.

ಎಕ್ಸ್‌ರೇ ಕೋಣೆಯಲ್ಲಿ ರಾತ್ರಿ ಪಾಳಿಯವಳು ಬ್ಯಾಗು ಹೆಗಲಿಗೇರಿಸಿ ಅವನಿಗಾಗಿಯೇ ಕಾದಿದ್ದಳು. ಕಣ್ಣು ಕೆಂಪಗಿದ್ದವು. ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ಬೇಡ ಎಂದರೂ ಬಿಟ್ಟಿರಲಿಲ್ಲ.

"ಅಣ್ಣ, ಫೈಲಪ್ಪನ ವಿಷಯ ಏನಾದ್ರೂ ಗೊತ್ತಾಯ್ತಾ?"

ಫೈಲಪ್ಪ ಎಂದರೆ ದಾಖಲೆ ಕೋಣೆಯ ಗುಮಾಸ್ತ. ಕ್ಯಾಂಟೀನಿಗೆ ಹೋಗುವಾಗಲೂ ಕಂಕುಳಲ್ಲೊಂದು ಫೈಲು ಇರುತ್ತಿತ್ತು, ಹೆಸರು ಹಾಗೆ ಬಿತ್ತು. ಹಳೆಯ ಫಿಲ್ಮುಗಳೆಲ್ಲ ಅವನ ಸುಪರ್ದಿಯಲ್ಲಿ. ಮೊನ್ನೆ ಬೆಳಿಗ್ಗೆ ಪೊಲೀಸರು ಬಂದು ಕರೆದುಕೊಂಡು ಹೋಗಿದ್ದರು.

"ಇಲ್ಲ," ಎಂದ.

"ಅವನು ಒಳಗಿದ್ದಾಗಲೇ ನಿನ್ನೆ ಇನ್ನೊಂದು ಚಿತ್ರ ಬಂತಂತೆ. ಅಂದಮೇಲೆ ಅವನಲ್ಲ ಅಂತ ಆಯ್ತಲ್ಲ. ಬಿಟ್ಟುಬಿಡ್ತಾರೆ ಅಲ್ವಾ?"

"ಬಿಡಬೇಕು."

ಅದೇ ಅವನ ಲೆಕ್ಕಾಚಾರವಾಗಿತ್ತು. ಫೈಲಪ್ಪ ಒಳಗಿದ್ದಾಗ ತಾನು ಸುಮ್ಮನಾದರೆ ಫೈಲಪ್ಪನೇ ಎಂದಾಗುತ್ತದೆ, ಹಾಕಿದರೆ ಅಲ್ಲವೆಂದಾಗುತ್ತದೆ. ನಿನ್ನೆ ಮಧ್ಯಾಹ್ನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬೆರಳೊತ್ತಿದಾಗ, ಒಬ್ಬ ಮನುಷ್ಯನನ್ನು ಬಿಡಿಸಿದೆ ಎಂದುಕೊಂಡಿದ್ದ. ತನ್ನ ಒಳ್ಳೆಯತನಕ್ಕೆ ತಾನೇ ಸ್ವಲ್ಪ ಬೆರಗಾಗಿದ್ದ.

ಅವಳು ದನಿ ತಗ್ಗಿಸಿದಳು. "ನಿನ್ನೆ ಸಂಜೆ ನನ್ನನ್ನೂ ಕೇಳಿದ್ರು. ಫಿಲ್ಮಿನ ಮೂಲೇಲಿ ಏನೇನೋ ಅಂಟಿಸ್ತೀರಂತಲ್ಲ, ಯಾರು ಏನು ಅಂಟಿಸ್ತಾರೆ ಅಂತ."

"ನೀನೇನಂದೆ?"

"ಕೈಗೆ ಸಿಕ್ಕಿದ್ದು ಅಂಟಿಸ್ತೀವಿ, ಗಮನಿಸಿಲ್ಲ ಅಂದೆ." ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. "ನಾನು ನಿಜವಾಗ್ಲೂ ಗಮನಿಸಿಲ್ಲ ಅಣ್ಣ. ಯಾರೂ ಗಮನಿಸಿಲ್ಲ. ಎಲುಬು ಡಾಕ್ಟರೂ ಗಮನಿಸಿಲ್ಲವಂತೆ, ಆಯಾನೂ ಗಮನಿಸಿಲ್ಲವಂತೆ. ನೀವು ತಲೆ ಕೆಡಿಸ್ಕೋಬೇಡಿ."

ಅವಳು ಹೋದಳು. ಮಗುವನ್ನು ಶಾಲೆಗೆ ಬಿಡಬೇಕು, ಆಮೇಲೆ ಮಲಗಬೇಕು ಎಂದೇನೋ ಹೇಳುತ್ತ ಹೋದಳು.

ಅವನು ಕುರ್ಚಿಯಲ್ಲಿ ಕೂತ. ಹಾಗಾದರೆ ಎಲ್ಲರಿಗೂ ಗೊತ್ತು. ಎಲುಬು ಡಾಕ್ಟರು ಫಿಲ್ಮು ಎತ್ತಿ ಹಿಡಿದು "ಹುಕ್ಕಿನವರು ತೆಗೆದದ್ದಾ, ಹಾಗಾದ್ರೆ ಸರಿ ಇರುತ್ತೆ" ಎನ್ನುತ್ತಿದ್ದದ್ದು ಈಗ ನೆನಪಾಯಿತು. ಮೊದಲನೆಯ ಚಿತ್ರದಿಂದಲೇ ಗೊತ್ತು. ಒಂದು ಕಟ್ಟಡಕ್ಕೆ ಕಟ್ಟಡವೇ ಬಾಯಿ ಮುಚ್ಚಿಕೊಂಡು ಅವನನ್ನು ಸೆರಗಿನಲ್ಲಿಟ್ಟುಕೊಂಡಂತೆ ಇಟ್ಟುಕೊಂಡಿತ್ತು. ಮೂರು ದೇಶದ ದಾರಿ, ಸಂತೆಯ ಫೋನು, ಅಳಿಸಿದ ಗಂಟೆ ನಿಮಿಷ ಎಲ್ಲ ಅವನೊಬ್ಬನ ಆಟ.

ಕೃತಜ್ಞತೆಯ ಭಾವನೆ ಬರುತ್ತದೇನೋ ಎಂದು ಒಂದು ಗಳಿಗೆ ಕಾದ. ಬರಲಿಲ್ಲ. ಸ್ನಾನ ಮಾಡುವಾಗ ಬಾಗಿಲು ತೆರೆದೇ ಇತ್ತು ಎಂದು ಆಮೇಲೆ ಗೊತ್ತಾದವನಿಗೆ ಬರುವಂಥ ಸಿಟ್ಟು ಬಂತು. ಅದರಲ್ಲೂ ಅವಳ ಮೇಲೆ. ಎಷ್ಟು ಮೆತ್ತಗೆ ಹೇಳಿದಳು, ತಲೆ ಕೆಡಿಸ್ಕೋಬೇಡಿ ಅಂತ.

ಎದ್ದು ತನ್ನ ಪೆಟ್ಟಿಗೆಗಳಿಂದ ಹುಕ್ಕು ಕಿತ್ತ. ಕುಣಿಕೆ ಕಿತ್ತು ಕಸದ ಡಬ್ಬಿಗೆ ಎಸೆದ. ಟೇಪಿನ ಅಂಟು ಉಗುರಿನಲ್ಲಿ ಸಿಕ್ಕಿಕೊಂಡಿತು. ಅವಳ ಪೆಟ್ಟಿಗೆಯಿಂದ ಪೇಪರ್ ಕ್ಲಿಪ್ಪು ಬಿಡಿಸಿ ತನ್ನದಕ್ಕೆ ಅಂಟಿಸುವಾಗ, ಇದನ್ನು ತಾನು ಮಾಡುತ್ತಿಲ್ಲ, ಕೈ ಮಾಡುತ್ತಿದೆ ಎನಿಸಿತು. ಕೈ ಕೆಲಸ ಮಾಡುವುದನ್ನು ನೋಡುವುದು ಅವನಿಗೆ ಅಭ್ಯಾಸವೇ.

ಬಾಗಿಲು ಬಡಿಯಿತು. ಹುಕ್ಕು ಇನ್ನೂ ಬೆರಳ ತುದಿಯಲ್ಲಿತ್ತು. ಮೇಜಿನ ಮೇಲೆ ರೋಗಿಯ ಕೈ ಅಲುಗದಂತೆ ಒತ್ತಿಡುವ ಪುಟ್ಟ ಮರಳಿನ ಚೀಲವಿತ್ತು. ಅದರಡಿ ಸೇರಿಸಿದ.

ಇನ್ಸ್‌ಪೆಕ್ಟರು ಕುಂಟುತ್ತ ಒಳಗೆ ಬಂದ. ಹಿಂದೆ ಒಬ್ಬ ದಪ್ಪ ಕಾನ್‌ಸ್ಟೇಬಲ್. ಇಬ್ಬರ ನಡುವೆ ಫೈಲಪ್ಪ. ಕಂಕುಳಲ್ಲಿ ಫೈಲಿಲ್ಲದ ಫೈಲಪ್ಪನನ್ನು ಅವನು ಮೊದಲ ಬಾರಿ ನೋಡುತ್ತಿದ್ದ. ಬಲಗೈಗೆ ಟವೆಲು ಸುತ್ತಿತ್ತು.

"ನಮಸ್ಕಾರ ಸಾರ್," ಎಂದ ಇನ್ಸ್‌ಪೆಕ್ಟರು. ದನಿ ಮೃದು. "ಒಂದು ಕೈ ತೆಗೆದುಕೊಡ್ಬೇಕಲ್ಲ. ಬಾಗಿಲಿಗೆ ಸಿಕ್ಕಿಬಿಡ್ತು ಪಾಪ. ನಾಳೆ ಕೋರ್ಟಿಗೆ ತೋರಿಸಬೇಕು."

"ಯಾವ ಬಾಗಿಲು?" ಎಂದು ಬಾಯಿಗೆ ಬಂದಿತ್ತು. "ಯಾವ ಕೈ?" ಎಂದ.

"ಬಲಗೈ. ನಿಮಗೆ ಬಲಗೈ ಅಭ್ಯಾಸ ತಾನೆ?"

ಕಾನ್‌ಸ್ಟೇಬಲ್ ನಕ್ಕ. ಇನ್ಸ್‌ಪೆಕ್ಟರು ನಗಲಿಲ್ಲ. ಕುರ್ಚಿ ಎಳೆದು ಕೂತು ಮಂಡಿ ನೀವಿಕೊಂಡ.

"ನಾವು ಇವರನ್ನ ನಿನ್ನೆ ಬಿಟ್ಟುಬಿಡೋಣ ಅಂತಿದ್ವಿ. ನಿಜ. ಅಷ್ಟರಲ್ಲಿ ಇನ್ನೊಂದು ಚಿತ್ರ ಬಂತು. ಇವರು ಒಳಗಿದಾರೆ, ಚಿತ್ರ ಹೊರಗೆ ಬರ್ತಿದೆ. ಅಂದಮೇಲೆ ಜೊತೆಗಾರ ಇದಾನೆ ಅಂತಾಯ್ತಲ್ಲ. ಕೇಳಲೇಬೇಕಾಯ್ತು. ಕೇಳುವಾಗ ಬಾಗಿಲು..." ಕೈಯಿಂದ ಬಾಗಿಲು ಮುಚ್ಚುವ ಹಾಗೆ ತೋರಿಸಿದ.

ಅವನು ಟವೆಲಿನ ಕಡೆ ನೋಡಿದ. ಟವೆಲಿನ ಅಂಚಿನಲ್ಲಿ ನೀಲಿ ಗೆರೆಯಿತ್ತು. ಆ ಗೆರೆಯನ್ನೇ ನೋಡಿದ.

ಇನ್ಸ್‌ಪೆಕ್ಟರು ಕಾನ್‌ಸ್ಟೇಬಲ್‌ನ ಕೈಯಿಂದ ದೊಡ್ಡ ಲಕೋಟೆ ತೆಗೆದುಕೊಂಡು ಒಂದು ಫಿಲ್ಮು ಹೊರಗೆಳೆದ. "ಇದು ನನ್ನ ಮಂಡಿ ಸಾರ್. ಹೋದ ತಿಂಗಳು ಇಲ್ಲೇ ತೆಗೆಸಿದ್ದು. ಮೊನ್ನೆ ಮನೇಲಿ ಕಿಟಕಿಗೆ ಹಿಡಿದು ನೋಡ್ತಿದ್ದೆ, ಸವೆದಿದೆಯಾ ಅಂತ. ನೋಡಿದ್ರೆ ಮೂಲೇಲಿ ಇದು." ಉಗುರಿನಿಂದ ಹುಕ್ಕನ್ನು ತಟ್ಟಿದ. "ನಮ್ಮ ಕಂಪ್ಯೂಟರಿನವರು ಮೂರು ತಿಂಗಳಿಂದ ಒದ್ದಾಡ್ತಿದ್ರು. ಈ ದೇಶಕ್ಕೆ ಬರೆದ್ರು, ಆ ದೇಶಕ್ಕೆ ಬರೆದ್ರು. ನನ್ನ ಮಂಡಿ ಹೇಳ್ತು."

"ತೆಗೆದವರು ಯಾರು ಅಂತ..."

"ಅದೇ ನೋಡಿ ತಮಾಷೆ. ನೆನಪೇ ಇಲ್ಲ! ಯಾರೋ ಕಾಲು ಮಡಿಸಿ ಅಂದ್ರು, ಮಡಿಸಿದೆ. ಗಂಡಸೋ ಹೆಂಗಸೋ ಅದೂ ನೆನಪಿಲ್ಲ. ಪೊಲೀಸಿನವನು ಅಂತ ಹೇಳಿಕೊಳ್ಳೋಕೆ ನಾಚಿಕೆ."

ಅವನಿಗೆ ನೆನಪಿತ್ತು. ಎಡ ಅಂಚು ಸವೆದ ಬಲ ಮಂಡಿ. ಮಡಿಸುವಾಗ ಹಗುರಾಗಿ ಹಿಡಿದು ಸಹಾಯ ಮಾಡಿದ್ದ. ನೋವಾಯ್ತಾ ಎಂದೂ ಕೇಳಿದ್ದ. ಆ ಮನುಷ್ಯ ಅವನ ಮುಖವನ್ನೇ ನೋಡಿರಲಿಲ್ಲ ಎನ್ನುವುದು ಈ ಹೊತ್ತಿನಲ್ಲೂ ಎಲ್ಲೋ ಚುಚ್ಚಿತು.

"ರಿಜಿಸ್ಟರಿನಲ್ಲಿ ಸಹಿ ಇದೆ," ಇನ್ಸ್‌ಪೆಕ್ಟರು ಮುಂದುವರಿಸಿದ. "ಬರೀ ಗೀಚು. ಯಾರದು ಅಂದ್ರೆ ಇವರು ಗೊತ್ತಿಲ್ಲ ಅಂತಾರೆ. ಹುಕ್ಕು ಯಾರದು ಅಂದ್ರೂ ಗೊತ್ತಿಲ್ಲ ಅಂತಾರೆ. ಇಡೀ ಆಸ್ಪತ್ರೇಲಿ ಯಾರಿಗೂ ಗೊತ್ತಿಲ್ಲ. ನೀವು ಓದಿದವರ ಹಾಗೆ ಕಾಣ್ತೀರಿ. ನೀವಾದ್ರೂ ಹೇಳಿ ಸಾರ್, ಈ ಹುಕ್ಕು ಯಾರದು?"

ಯಂತ್ರದ ಒಳಗಿನ ಫ್ಯಾನು ತಿರುಗುತ್ತಿತ್ತು. ಫೈಲಪ್ಪ ನೆಲ ನೋಡುತ್ತಿದ್ದ. ನನ್ನದು ಎಂಬ ಮಾತು ಅವನ ನಾಲಗೆಯ ಮೇಲೆ ನಿಜಕ್ಕೂ ಬಂದು ಕೂತಿತ್ತು. ಅದರ ಭಾರ ಅವನಿಗೆ ತಿಳಿಯಿತು.

"ನಾನು ಪೇಪರ್ ಕ್ಲಿಪ್ ಹಾಕ್ತೀನಿ," ಎಂದ.

ಪೆಟ್ಟಿಗೆ ಎತ್ತಿ ತೋರಿಸಿದ. ಕ್ಲಿಪ್ಪು ಮೂಲೆಯಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

"ಓ. ಹಾಗಾದ್ರೆ ಹುಕ್ಕು?"

"ಇಲ್ಲಿ ಇರೋದು ಇಬ್ಬರೇ."

"ರಾತ್ರಿ ಪಾಳೀಲಿ ಒಬ್ಬ ಹೆಂಗಸು ಇದಾರಲ್ಲ. ಅವರದಾ?"

ಹೌದು ಎನ್ನಲಿಲ್ಲ. ಅಲ್ಲ ಎನ್ನಲಿಲ್ಲ. ಕ್ಲಿಪ್ಪಿನ ಮೇಲಿನ ಟೇಪನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದ. ಮೊದಲೇ ಸರಿಯಾಗಿತ್ತು.

"ಆಯ್ತು ಬಿಡಿ. ನಿಮಗೂ ಜೊತೇಲಿ ಕೆಲಸ ಮಾಡೋರು, ಬಾಯಲ್ಲಿ ಹೇಳೋಕೆ ಕಷ್ಟ." ಇನ್ಸ್‌ಪೆಕ್ಟರು ಎದ್ದ. "ನಂಗೂ ಮೊದಲೇ ಅನ್ನಿಸಿತ್ತು. ಹುಕ್ಕು ಅಂದ್ರೆ ಹೆಂಗಸರ ವಸ್ತು."

ಫೈಲಪ್ಪ ತಲೆ ಎತ್ತಿದ. ಬಂದ ಮೇಲೆ ಮೊದಲ ಬಾರಿ ಅವನ ಮುಖ ನೋಡಿದ. ಸಿಟ್ಟಿನಿಂದಲ್ಲ. ತಪ್ಪು ಕಪಾಟಿನಲ್ಲಿ ಸಿಕ್ಕ ಫೈಲನ್ನು ನೋಡುವ ಹಾಗೆ.

"ತೆಗೆಯುವಾಗ ಹೊರಗಿರಬೇಕು," ಎಂದ ಅವನು.

"ಇರ್ತೀವಿ ಸಾರ್. ಕಿಟಕಿ ಇಲ್ಲ, ಇರೋದು ಒಂದೇ ಬಾಗಿಲು. ಇವರೆಲ್ಲಿ ಹೋಗ್ತಾರೆ."

ಕಾನ್‌ಸ್ಟೇಬಲ್ ಹಿಂಜರಿದ. "ಸಾರ್, ಬಾಗಿಲಾಚೆಗೂ ಬರುತ್ತಂತೆ ಅದು. ನನಗೆ ಇನ್ನೊಂದು ಮಗು ಬೇಕು ಅಂತಿದೆ." ಗೋಡೆಯ ಮೇಲಿನ ಸೀಸದ ಅಂಗಿ ಅವನ ಕಣ್ಣಿಗೆ ಬಿತ್ತು. "ಇದನ್ನ ಹಾಕ್ಕೊಂಡು ನಿಂತ್ಕೊಳ್ಳಲಾ?"

"ಹಾಕ್ಕೋ, ನಿನ್ನ ವಂಶ ಉಳೀಲಿ," ಎಂದ ಇನ್ಸ್‌ಪೆಕ್ಟರು.

ಕಾನ್‌ಸ್ಟೇಬಲ್ ಅಂಗಿಯನ್ನು ಕೊರಳಿಗೆ ಹಾಕಿಕೊಂಡು, "ಏನಪ್ಪಾ ಭಾರ!" ಎಂದು ಹೊಟ್ಟೆಯ ಮೇಲೆ ತಟ್ಟಿಕೊಂಡ. ತಟ್ಟಿದ್ದು ಜೇಬಿನ ಮೇಲೆ. ಎರಡನೆಯ ಫೋನು ಇದ್ದದ್ದು ಅದರಲ್ಲೇ. ನಲವತ್ತು ಸಾವಿರ ಜನ ಆ ಹೊಟ್ಟೆಯ ಮೇಲೆ ನೇತಾಡುತ್ತ ಬಾಗಿಲು ದಾಟಿ ಹೊರಗೆ ಹೋದರು.

ಬಾಗಿಲು ಮುಚ್ಚಿತು. ಕೋಣೆಯಲ್ಲಿ ಇಬ್ಬರೇ.

ಅವನು ಟವೆಲು ಬಿಚ್ಚಿದ. ಬೆರಳುಗಳು ಯಾವ ಕಡೆ ಬೇಕೋ ಆ ಕಡೆ ಇದ್ದವು. ಪೆಟ್ಟಿಗೆಯ ಮೇಲೆ ಅಂಗೈ ಕೆಳಗೆ ಮಾಡಿ ಇಡಿಸಿದ. ಫೈಲಪ್ಪ ಹಲ್ಲು ಕಚ್ಚಿದ, ಕೂಗಲಿಲ್ಲ.

"ನೋವಾಯ್ತಾ?"

"ಇಲ್ಲ ಸಾರ್. ಫೈಲು ಎತ್ತೋ ಕೈಯಲ್ಲವಾ, ಗಟ್ಟಿ."

ಬೆಳಕಿನ ಚೌಕವನ್ನು ಕೈಯ ಮೇಲೆ ಸರಿಹೊಂದಿಸಿದ. ಕೆಲಸದಲ್ಲಿ ಅವನು ಯಾವತ್ತೂ ತಪ್ಪಿದವನಲ್ಲ.

"ಆಯಮ್ಮನ ಮಗೂಗೆ ಎಷ್ಟು ವಯಸ್ಸು ಸಾರ್?"

"ಯಾರ ಮಗು?"

"ರಾತ್ರಿ ಪಾಳಿಯಮ್ಮಂದು."

"ಗೊತ್ತಿಲ್ಲ."

"ನಾಲ್ಕು. ಒಂದು ಸಲ ಕರ್ಕೊಂಡು ಬಂದಿದ್ರು. ನನ್ನ ಕಪಾಟಿನ ಕೆಳಗೆ ಅಡಗಿಕೊಳ್ತು. ಯಾರಿಗೂ ಹೇಳಬೇಡ ಮಾಮ ಅಂತು. ಅರ್ಧ ಗಂಟೆ ಹುಡುಕಿದ್ರು ಅವರಮ್ಮ." ಫೈಲಪ್ಪನ ಕಣ್ಣು ಮೇಜಿನ ಮೇಲಿನ ಮರಳಿನ ಚೀಲದ ಅಂಚಿಗೆ ಹೋಯಿತು. ಆಮೇಲೆ, "ನಾನು ಹೇಳಲಿಲ್ಲ ಸಾರ್," ಎಂದ.

"ಏನು?"

"ಮಗು ಎಲ್ಲಿದೆ ಅಂತ."

ಅವನು ಮರಳಿನ ಚೀಲ ಎತ್ತಿ ಮಣಿಕಟ್ಟಿನ ಮೇಲೆ ಇಡಬೇಕಿತ್ತು. ಎತ್ತಲಿಲ್ಲ. "ಅಲ್ಲಾಡಬೇಡಿ," ಎಂದು ಹೇಳಿ ಸೀಸದ ಗೋಡೆಯ ಹಿಂದೆ ಹೋದ. ಅಲ್ಲಿ ಅಂಗೈಯಗಲದ ಗಾಜಿದೆ. ಗಾಜಿನಲ್ಲಿ ನೋಡುವ ಬದಲು ಗುಂಡಿಗಳ ಕಡೆ ನೋಡಿದ. ಹತ್ತೊಂಬತ್ತು ವರ್ಷದಲ್ಲಿ ತಿರುಗಿಸಿದ ಗುಂಡಿಗಳು, ನೋಡುವ ಅಗತ್ಯವೇ ಇರಲಿಲ್ಲ.

ಆಚೆಯಿಂದ ಏನೋ ಸರಿದ ಸದ್ದಾಯಿತು, ಮರಳು ಜಾರಿದ ಹಾಗೆ.

"ಅಲ್ಲಾಡಿದ್ರಾ?"

"ಇಲ್ಲ ಸಾರ್. ತೆಗೀರಿ. ನಿಮ್ಮ ಚಿತ್ರ ಚೆನ್ನಾಗಿ ಬರುತ್ತೆ."

ಒತ್ತಿದ. ಯಂತ್ರ ಗುಂಯ್ ಎಂದು ಸುಮ್ಮನಾಯಿತು.

ಪೆಟ್ಟಿಗೆ ತೆಗೆದುಕೊಂಡು ಪಕ್ಕದ ಕತ್ತಲ ಕೋಣೆಗೆ ಹೋದ. ಆ ಕೋಣೆಯ ಒಂದು ಗೋಡೆ ಮರದ ಹಲಗೆಯದು, ಆಚೆ ಓಣಿ. ಫಿಲ್ಮನ್ನು ದ್ರವದಲ್ಲಿ ಅದ್ದಿ ಅಲುಗಿಸುತ್ತಿರುವಾಗ ಇನ್ಸ್‌ಪೆಕ್ಟರಿನ ದನಿ ಕೇಳಿಸಿತು, ಫೋನಿನಲ್ಲಿ. ಅದೇ ಮೃದು ದನಿ.

"...ಪಾಳಿ ಮುಗಿಸಿ ಹೋಗಿದಾಳೆ, ಮಲಗಿರ್ತಾಳೆ. ಎಬ್ಬಿಸಿ ಕರ್ಕೊಂಡು ಬನ್ನಿ. ಮನೇಲಿ ಹೊಲಿಗೆ ಡಬ್ಬಿ ಇದ್ರೆ ಅದನ್ನೂ ತನ್ನಿ... ಮಗುನಾ? ಪಕ್ಕದ ಮನೇಲಿ ಬಿಡೋಕೆ ಹೇಳಿ. ಇಲ್ಲಾಂದ್ರೆ ಅದನ್ನೂ ಕರ್ಕೊಂಡು ಬನ್ನಿ, ಏನು ಮಾಡೋಕಾಗುತ್ತೆ."

ಕೆಂಪು ದೀಪದಲ್ಲಿ ಫಿಲ್ಮು ನಿಧಾನವಾಗಿ ಕಪ್ಪಾಗುತ್ತಿತ್ತು. ಈಗಲೇ ಹೊರಗೆ ಹೋಗಿ ಹೇಳಬಹುದು. ಫೋನು ಇನ್ನೂ ಇಟ್ಟಿಲ್ಲ. ನಾಲ್ಕು ಹೆಜ್ಜೆ, ಒಂದು ಚಿಲಕ. ಆದರೆ ಫಿಲ್ಮು ಅರ್ಧಕ್ಕೆ ಬಿಟ್ಟರೆ ಕೆಡುತ್ತದೆ. ಮೂರು ನಿಮಿಷ ಅಲುಗಿಸಲೇಬೇಕು. ಅಲುಗಿಸಿದ. ತೊಳೆದ. ಇನ್ನೊಂದು ದ್ರವದಲ್ಲಿ ಅದ್ದಿದ. ಅಷ್ಟರಲ್ಲಿ ಓಣಿಯ ದನಿ ಮಂಡಿನೋವಿನ ಕಡೆ ತಿರುಗಿತ್ತು.

ಒದ್ದೆ ಫಿಲ್ಮನ್ನು ತಂದು ಸೀಸದ ಗೋಡೆಯ ಹಿಂದಿನ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ದೀಪ ಹಾಕಿದ.

ಚಿತ್ರ ಚೆನ್ನಾಗಿ ಬಂದಿತ್ತು. ಕೈ ಒಂದಿಷ್ಟೂ ಅಲುಗಿರಲಿಲ್ಲ. ಮೂರು ಬೆರಳು, ಐದು ಕಡೆ ಮುರಿತ. ಮೂಲೆಯಲ್ಲಿ ಪೇಪರ್ ಕ್ಲಿಪ್ಪು.

ಅಂಗೈಯ ನಟ್ಟನಡುವೆ ಹುಕ್ಕು.

ಮೂತಿ ಚಪ್ಪಟೆ, ಬೆನ್ನು ಉಬ್ಬು. ಎಲುಬುಗಳ ನಡುವೆ ಬೆಳ್ಳಗೆ, ಅದೂ ಒಂದು ಎಲುಬೇ ಎನ್ನುವ ಹಾಗೆ, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ.

ಗೋಡೆಯಾಚೆ ಬಗ್ಗಿ ನೋಡಿದ. ಫೈಲಪ್ಪ ಸ್ಟೂಲಿನ ಮೇಲೆ ಕೂತು, ಮುರಿದ ಕೈಯನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡು, ಎದುರಿನ ಗೋಡೆ ನೋಡುತ್ತಿದ್ದ. ಮರಳಿನ ಚೀಲ ಒಂದು ಕಡೆ ಸರಿದಿತ್ತು. ಅದರಡಿ ಏನೂ ಇರಲಿಲ್ಲ.

"ಕೊಡಿ," ಎಂದು ಪಿಸುಗುಟ್ಟಿದ.

"ಏನು ಸಾರ್?"

"ನಿಮ್ಮ ಕೈಯಲ್ಲಿರೋದು."

"ನನ್ನ ಕೈ ಮುಚ್ಚಿದ್ದು ತೆರೆಯೋಕೆ ಬರ್ತಿಲ್ಲ ಸಾರ್," ಎಂದ ಫೈಲಪ್ಪ. ತಮಾಷೆಯೋ ನಿಜವೋ ತಿಳಿಯಲಿಲ್ಲ. "ನೀವೇ ಬಿಡಿಸ್ಕೊಳ್ಳಿ."

ಬಿಡಿಸಲು ಮೂರು ಬೆರಳನ್ನೂ ಒಂದೊಂದಾಗಿ ಎತ್ತಬೇಕು. ಅವನು ಒಂದು ಹೆಜ್ಜೆ ಮುಂದಿಟ್ಟ. ಆ ಹೆಜ್ಜೆಯಲ್ಲೇ ನಿಂತ.

ಬಾಗಿಲು ಬಡಿಯಿತು. "ಆಯ್ತಾ ಸಾರ್?"

"ಒಂದು ನಿಮಿಷ."

"ಚಿತ್ರ ಬಂದಿದ್ರೆ ಹಾಗೇ ಇರ್ಲಿ, ಬೆಳಕಿನಲ್ಲೇ ನೋಡ್ತೀನಿ. ನನಗೂ ಈಗ ಮೂಲೆ ನೋಡೋದು ಅಭ್ಯಾಸ ಆಗಿಬಿಟ್ಟಿದೆ."

ಚಿಲಕ ತಿರುಗತೊಡಗಿತು. ಅವನು ಬೆಳಕಿನ ಪೆಟ್ಟಿಗೆಯ ಮುಂದೆ ಬಂದ. ದೀಪ ಆರಿಸಬಹುದಿತ್ತು, ಫಿಲ್ಮು ಹರಿಯಬಹುದಿತ್ತು. ಎರಡೂ ತೋಚಲಿಲ್ಲ. ಬಲಗೈ ಎತ್ತಿ ಫಿಲ್ಮಿನ ಮೇಲೆ, ಹುಕ್ಕಿನ ಮೇಲೆ, ಅಂಗೈಗೆ ಅಂಗೈ ತಾಗಿಸಿ ಇಟ್ಟ. ಒದ್ದೆ ತಣ್ಣಗಿತ್ತು. ಬೆರಳಿಗೆ ಬೆರಳು ಅಳತೆ ಹಿಡಿದ ಹಾಗೆ ಕೂತಿತು.

ಫಿಲ್ಮಿನಲ್ಲಿ ಫೈಲಪ್ಪನ ಎಲುಬುಗಳು ಅವನ ಕೈಯ ಅಂಚಿನಾಚೆ ಬೆಳ್ಳಗೆ ಹೊಳೆಯುತ್ತಿದ್ದವು. ತನ್ನ ಕೈಯನ್ನು ನೋಡಿದ. ಅದರೊಳಗೆ ಎಲುಬು ಕಾಣಲಿಲ್ಲ. ಅಷ್ಟು ಬೆಳಕಿನ ಮುಂದೆಯೂ ಅದು ಬರೀ ಕಪ್ಪು. ಐದು ಬೆರಳಿನ, ಯಾರದೆಂದು ಹೇಳಲಾಗದ ಒಂದು ಕಪ್ಪು.

ಹಿಂದೆ ಸೀಸದ ಅಂಗಿ ಗೋಡೆಗೆ ಉಜ್ಜಿದ ಸದ್ದಾಯಿತು.

"ಕೈ ತೆಗೀರಿ ಸಾರ್," ಎಂದ ಇನ್ಸ್‌ಪೆಕ್ಟರು, ಮೃದುವಾಗಿ. "ಕಾಣ್ತಿಲ್ಲ."